ಥೈಲ್ಯಾಂಡೋ ಕಾಂಬೋಡಿಯಾನೋ, ನೀನ ಹೇಳಣ್ಣ

…ಅಲ್ಲಿ ಬ್ಯಾಡ ಅಣ್ಣಾ, ಅಲ್ಲಿ ನೆಲಾ ಹಸಿ ಐತಿ, ಈಗಷ್ಟ ಒರಸೀನಿ. ಈ ಕಡೆ ಬಾ, ಚಾಪಿ ಮ್ಯಾಲ ಕುಂಡ್ರು. ಹಾಂ, ಹಂಗ. ಮಗ್ಗದ ಖೋಲಿ ಕಡೆ ಬೆನ್ನು ಮಾಡಿ ಕುಂಡ್ರು, ಬಾಗಲದ ಗಾಳಿ ಮಾರಿಗೆ ಬಡೀತೈತಿ. ಲಕ್ಷ್ಮೇಶ್ವರದಿಂದ ಈ ಬಿಸಲಾಗ ಗಾಡಿ ಹೊಡಕೊಂಡು ಬಂದಿಯಲ್ಲ! ಅಂಥಾದ್ದೇನ ಅಂದೆ ನಾ ಫೋನಿನ್ಯಾಗ? "ಅಣ್ಣಾ, ಬಾ" ಅಂದೆ, ಅಷ್ಟ. ಅತ್ತಿದ್ದೆನೇನು? ಇಲ್ಲ… ನೆಗಡಿ ಅದು.

ಇವರಾ? ಮಲಗ್ಯಾರ. ಮಗ್ಗದ ಖೋಲ್ಯಾಗ ಮಲಗ್ಯಾರ, ಅಲ್ಲಿ ತಂಪು ನೋಡು. ನಿನ್ನೆ ದೋಸ್ತರ ಜೋಡಿ ಕುಂತಾವರು ಮುಂಜಾನೆ ಮನಿ ಕಂಡ್ರು. ಎಬ್ಬಿಸಬ್ಯಾಡ. ಎಬ್ಬಿಸಿದ್ರ ಏನಾಗ್ತೈತಿ ನಿನಗ ಗೊತ್ತಿಲ್ಲೇನ! ಈಗರ ಗೊರಕಿ ಹೊಡಿಯಾಕ ಹತ್ತಿದ್ರು. ಬಾಜೂಕ ಪವರ್‌ಲೂಮ್ ಚಾಲೂ ಆತಲ್ಲ, ಆ ಖಟಖಟದಾಗ ಏನೂ ಕೇಳವಲ್ದು.

ಬೆಲ್ಲ ತಗೋ. ನೀರ ಕುಡಿ.

ನಿನ್ನ ಯಾಕ ಕರಸೀನಿ ಗೊತ್ತೇನು? ನಗಬಾರದು ಮತ್ತ. ಥೈಲ್ಯಾಂಡಿಗೆ ಹೋಗೂದೋ, ಕಾಂಬೋಡಿಯಾಕ್ಕ ಹೋಗೂದೋ, ನೀ ಹೇಳಬೇಕು… ನೋಡು, ನಕ್ಕಿ! ಬೆಟಗೇರಿ ಭುವನವ್ವ ವಿಮಾನ ಹತ್ತತಾಳಂತ ನಗತೀ ಹೌದಿಲ್ಲೋ? ಖರೇನ ಅಣ್ಣಾ. ಇವರ ಪೇಂಟಿನ ಅಂಗಡಿ ಈ ವರ್ಷ ಭಾಳ ನಡೀತು. ಕಂಪನಿಯವರು ಖುಷಿಯಾಗಿ ಗಂಡಾ-ಹೆಂಡತಿ ಇಬ್ಬರಿಗೂ ಪುಕಟ ಟೂರ್ ಕೊಟ್ಟಾರ. ಎರಡು ದೇಶದಾಗ ಒಂದು ಆರಿಸ್ರಿ ಅಂದಾರ. ಎರಡೂ ಬಾಜೂ ಬಾಜೂ ಅದಾವಂತ, ನಮ್ಮನಿ, ಬಾಜೂ ಅಮೀನಬಿ ಚಾಚಿ ಮನಿ ಇದ್ದಂಗ, ನಡುವ ಒಂದ ಗ್ವಾಡಿ. ಎರಡೂ ಕಡೆ ಬುದ್ಧಗ ನಡಕೊಳ್ಳೋ ಮಂದಿ. ಯಾವ ದೇಶ ಅಂತ ಇವತ್ತ ಹೇಳಬೇಕು, ಕಂಪನಿಯಾಂವ ಇವರ ಫೋನಿಗೆ ಮಾಡ್ತಾನ.

ಥೈಲ್ಯಾಂಡಿನ್ಯಾಗ ಸಮುದ್ರ ಐತಿ. ಡೀಲರಗೋಳೆಲ್ಲ ಅಲ್ಲಿಗೇ ಹೋಗಾಕ ಸಾಯ್ತಾರ. ಮುಂಡರಗಿ ಮುತ್ತುರಾಜ ಇಲ್ಲೇನ, ಸಿಮೆಂಟ್ ಅಂಗಡಿಯಾಂವ, ಇವರ ಜಿಗರಿ ದೋಸ್ತ? ಅಂವ ಹೋದ ವರ್ಷ ಹೆಂಡತಿ ಸೀಟಿನ್ಯಾಗ ಇನ್ನೊಬ್ಬ ಗೆಳ್ಯಾನ್ನ ಕೂಡಿಸ್ಕೊಂಡು ಹೋದ. ಬಂದು ಹೆಂಡತಿಗೆ ಏನ ಕೊಟ್ಟ ಗೊತ್ತೇನು? ಫ್ರಿಜ್ಜಿಗೆ ಹಚ್ಚೋ ಒಂದು ಆನಿ ಗೊಂಬಿ! ಎಲ್ಲಾರೂ ಹಂಗ ಮಾಡ್ತಾರ. ಟಿಕೀಟ ಹೆಂಡತಿ ಹೆಸರಿಗೆ ಬರ್ತೈತಿ, ವಿಮಾನದಾಗ ದೋಸ್ತ ಕುಂಡ್ರತಾನ.

ಆದರ ಇವರು ನನಗ, "ಏ, ನೀನ ಆರಿಸು" ಅಂದಿದ್ರು. ದೇವರಾಣಿಗೂ ಅಂದಿದ್ರು. ಅವತ್ತ ಕುಡದಿರಲಿಲ್ಲ ಅಣ್ಣಾ. ನಾ ಮೂರ್ಖಿ, ನಂಬಿದೆ. ಮಗಳು ವಿದ್ಯಾಶ್ರೀ ಸಾಲಿಯಿಂದ ಬಂದಾಕಿನ, ಫೋನಿನ್ಯಾಗ ಎರಡೂ ದೇಶ ತೋರಿಸಿದ್ಲು. ನಾ ಕಾಂಬೋಡಿಯಾ ಅಂದೆ. ಯಾಕಂದ್ರ… ನೀ ಲಕ್ಕುಂಡಿ ಗುಡಿ ಬಾಗಲಾ ನೋಡಿಯಲ್ಲ, ಆ ಕಲ್ಲಿನ ಬಳ್ಳಿ? ಅಲ್ಲೂ ಅಂಥಾದ್ದ ಕೆತ್ತನಿ, ಆದರ ಊರಷ್ಟು ದೊಡ್ಡ ಗುಡಿ! ಆ ಬಳ್ಳಿ ಕಣ್ಣಾಗ ತುಂಬಿಕೊಂಡು ಬಂದು ಒಂದು ಸೆರಗು ನೇಯಬೇಕಂತ ಆಸೆ ಆತು. ಇನ್ನೊಂದು ಗುಡಿ ಐತಿ, ಕಲ್ಲಿನ ಗೋಪುರಕ್ಕ ನಾಕೂ ಕಡೆ ಮಾರಿ. ಕಣ್ಣು ಮುಚ್ಚಿಕೊಂಡು ನಗತಾವು ಆ ಮಾರಿ. ನಿನ್ಹಂಗ ಅಣ್ಣಾ, ಎಲ್ಲಾ ಕಡೆ ಮಾರಿ ಐತಿ, ಕಣ್ಣು ಮಾತ್ರ ತಗಿಯೂದಿಲ್ಲ.

ಸಿಟ್ಟಾಗಬ್ಯಾಡ, ಚಾಷ್ಟಿ ಮಾಡಿದೆ.

ಪಾಸ್‌ಪೋರ್ಟ್ ಮಾಡಿಸಿದ್ದ ಕೇಳ. ಅಮೀನಬಿ ಚಾಚಿ ಮಕ್ಕಾಕ್ಕ ಹೋಗಿಬಂದಾಕಿ, ಎಲ್ಲಾ ಗೊತ್ತು ಅಕಿಗೆ. ನನ್ನ ಹುಬ್ಬಳ್ಳಿತನಕ ಕರಕೊಂಡು ಹೋದ್ಲು. ಫೋಟೋ ತಗಿಯೋ ಹುಡುಗಿ "ನಗಬ್ಯಾಡ್ರಿ" ಅಂದ್ಲು. ನನಗ ನಗಿ ತಡಿಯಾಕ ಆಗಲಿಲ್ಲ! ಪೊಲೀಸ ಮನಿಗೆ ಬಂದು "ಎಲ್ಲಿಗೆ ಹೊಂಟೀರಿ ಬಾಯಾರ?" ಅಂತ ಕೇಳಿದ. ಕಾಂಬೋಡಿಯಾ ಅಂದೆ. ಅವಗೂ ಗೊತ್ತಿರಲಿಲ್ಲ ಅದು ಎಲ್ಲೈತಂತ. ಪುಸ್ತಕ ಬಂದಾಗ ನೋಡ್ತೀನಿ, ಭುವನೇಶ್ವರಿ ಅಂತ ಪೂರಾ ಹೆಸರು. "ಏ", "ಲೇ", "ಇಕಿ"… ಇವನ್ನ ಕೇಳಿ ಕೇಳಿ ನನ್ನ ಹೆಸರು ನನಗ ಮರತಿತ್ತು ನೋಡು. ಕಡಕ್ ರೊಟ್ಟಿ ಬಡದಿಟ್ಟೀನಿ, ಶೇಂಗಾ ಚಟ್ನಿ ಕುಟ್ಟೀನಿ. ಅಲ್ಲಿ ಊಟಾ ಹೆಂಗೋ ಏನೋ.

ಏನ ನೋಡ್ತಿ? ಗಲ್ಲಾನಾ? ಹಲ್ಲ ನೋವು, ಬಾತೈತಿ. ಬಳಿ… ಬಳಿ ಒಡದಾವು, ಪಾತ್ರಿ ತಿಕ್ಕುವಾಗ. ಸೀರಿ ಅಂಚಿಗೆ ಕೆಂಪು? ಬಣ್ಣ ಅಣ್ಣಾ, ನೂಲಿನ ಬಣ್ಣ! ನೇಕಾರ ಮನ್ಯಾಗ ಹುಟ್ಟಿದಾಂವ ನೀ, ಬಣ್ಣ ಗೊತ್ತಾಗೂದಿಲ್ಲೇನ ನಿನಗ?

ಹಾಂ… ಫೋನು. ಇವರದ. ಒಳಗ ಬಡಕೊಳ್ಳಾಕ ಹತ್ತೈತಿ, ಬಡಕೊಳ್ಳಲಿ ಬಿಡು. ಕಂಪನಿಯಾಂವ ಇರಬೇಕು, ಮತ್ತ ಮಾಡ್ತಾನ. ಏಳಬ್ಯಾಡ. ಕುಂಡ್ರು ಅಂದ್ನೆಲ್ಲ! …ನೋಡು, ನಿಂತು.

ನಿದ್ದಿ ಗಟ್ಟಿ ಇವರದು.

ಏನ ಹೇಳಾಕ ಹತ್ತಿದ್ದೆ? ಹಾಂ, ಟಿವಿ. ಒಂದಿನಾ ಟಿವ್ಯಾಗ ತೋರಿಸಿದ್ರು, ಆ ಎರಡೂ ದೇಶ ಬಡದಾಡಾಕ ಹತ್ತಿದ್ವು. ಗಡಿಯೊಳಗ ಹಳೇ ಶಿವನ ಗುಡಿ ಐತಂತ, ಅದು ನಂದು, ನಂದು ಅಂತ. ಗುಂಡು, ಬಾಂಬು, ಹೊಗಿ! ಹೆಂಗಸರು ಕೂಸು ಬಗಲಾಗ ಇಟಗೊಂಡು ಓಡಾಕ ಹತ್ತಿದ್ರು. ಇವರು ಗ್ಲಾಸ್ ಕೈಯಾಗ ಹಿಡಕೊಂಡು ಹೊಟ್ಟಿ ಹಿಡಕೊಂಡು ನಕ್ಕರು. "ನೋಡಲೇ ನಿನ್ನ ಕಾಂಬೋಡಿಯಾ! ಬುದ್ಧನ್ನ ಪೂಜಾ ಮಾಡೋರ ಹಿಂಗ ಬಡದಾಡ್ತಾರ. ನಾ ಪೇಂಟ್ ಮಾರಾಂವ. ನನಗ ಕೈ ಎತ್ತಬ್ಯಾಡ ಅಂತಿಯೇನ?" ಅಂದ್ರು. ಅಂದು ಎತ್ತಿದ್ರು.

ಯಾಕ ತಲಿ ಬಗ್ಗಿಸಿದಿ? ನಿನಗ ಗೊತ್ತಿಲ್ಲದ್ದ ಏನೈತಿ ಇದರಾಗ? ಪಂಚಮಿಗೆ ತವರಿಗೆ ಬಂದಾಗ ವೈನಿಗೆ ಬೆನ್ನು ತೋರಿಸಿದ್ದೆ. ಅಕಿ ಅರಿಷಿಣ ಹಚ್ಚಿದ್ಲು, ಅತ್ಲು. ನೀ ಹೊರಗ ಜ್ವಾಕಾಲಿ ಹಗ್ಗ ಬಿಗಿಯಾಕ ಹತ್ತಿದ್ದಿ. ಎಲ್ಲಾ ಕೇಳಿಸ್ಕೊಂಡಿ. ಮರುದಿನಾ ಗಾಡಿ ಮ್ಯಾಲ ಕೂಡಿಸ್ಕೊಂಡು ಬಂದು ಇದ ಬಾಗಲದಾಗ ಇಳಿಸಿ, "ಹೊಂದಕೊಂಡ ಹೋಗವಾ ತಂಗಿ" ಅಂದಿ. ಇವರು ನಿನಗ ಚಾ ಮಾಡಿಸಿದ್ರು. ಮಾಡಿದಾಕಿ ನಾನ. ಇಬ್ಬರೂ ನಕ್ಕೋತ ಕುಡದ್ರಿ. ಅದರ ಹಿಂದಿನ ಸಲಾನೂ ಹಂಗ. ಅಪ್ಪ ಸತ್ತ ವರ್ಷಾನೂ ಹಂಗ. ಹೊಂದಕೊಂಡ ಹೋಗವಾ, ಹೊಂದಕೊಂಡ ಹೋಗವಾ… ನನಗ ನಿನ್ನ ಮ್ಯಾಲ ಎಷ್ಟು ಸಿಟ್ಟು ಬಂದಿತ್ತು ಗೊತ್ತೇನ ಅಣ್ಣಾ? ಇವರ ಮ್ಯಾಲೂ ಅಷ್ಟು ಬಂದಿರಲಿಲ್ಲ.

ಅಂವ ಎಲ್ಲಿ ಹೊಡೀತಿದ್ದ ಗೊತ್ತೇನು? ಮಗ್ಗದ ಕುಣ್ಯಾಗ. …ಅಂವ ಅಂದೆನಾ? ಬಾಯಿ ತಪ್ಪಿ ಬಂತು. ಬರಲಿ ಬಿಡು. ಕುಣ್ಯಾಗ ಕಾಲು ಇಳಿಬಿಟ್ಟು ನೇಯಾಕ ಕುಂತಾಕಿ, ಹೊಟ್ಟಿ ಮುಂದ ಕಟಗಿ ದಿಂಡು, ಬೆನ್ನ ಹಿಂದ ಗ್ವಾಡಿ, ಎಲ್ಲಿ ಓಡ್ತಾಳ? ಅದಕ್ಕ ನಾ ಮಗ್ಗಕ್ಕ ಕುಂಡ್ರೂದ ಕಾಯ್ತಿದ್ದ. ಮ್ಯಾಲ ನಿಂತು ಕೂದಲಾ ಹಿಡದು, ತಲೀ ಮ್ಯಾಲ, ಬೆನ್ನ ಮ್ಯಾಲ, ಕೈಗೆ ಸಿಕ್ಕದ್ರಿಂದ… ಒಮ್ಮೆ ಲಾಳಿ ತಗೊಂಡು ಇಲ್ಲಿ, ಕಿವಿ ಹಿಂದ ಚುಚ್ಚಿದ. ನೋಡು. ನೋಡಲ್ಲ! ಮಾರಿ ಯಾಕ ತಿರುವತಿ?

ಇವತ್ತ ಮುಂಜಾನೆ ಬಂದಾಂವನ "ಥೈಲ್ಯಾಂಡ್ ಫಿಕ್ಸ್, ನಿನ್ನ ಸೀಟಿನ್ಯಾಗ ಮುತ್ತುರಾಜ ಬರ್ತಾನ" ಅಂದ. ನಾ ಮಗ್ಗದಾಗ ಕುಂತಿದ್ದೆ. ಲಾಳಿ ಬಿಡಲಿಲ್ಲ, ತಲಿ ಎತ್ತಲಿಲ್ಲ. "ಕಂಪನಿಯಾಂವ ಫೋನ್ ಮಾಡಿದ್ರ ನಾನ ಮಾತಾಡ್ತೀನಿ. ನನ್ನ ಹೆಸರಿನ ಟಿಕೀಟು, ನಾನ ಹೋಗಾಕಿ" ಅಂದೆ. ಇಷ್ಟ ಅಂದದ್ದು ಅಣ್ಣಾ. ಸುಮ್ಮನ ಒಳಗ ಹೋದ. ನಾ ಮಲಗಾಕ ಹೋದ ಅಂದ್ಕೊಂಡೆ. ಗ್ಯಾಸ್ ಹಚ್ಚಿದ ಸಪ್ಪಳ ಕೇಳ್ತು. ಆಮ್ಯಾಲ ವಾಸನಿ. ಬಂದ ನೋಡು, ಕೈಯಾಗ ನನ್ನ ಪಾಸ್‌ಪೋರ್ಟ್, ಉರಿಯಾಕ ಹತ್ತೈತಿ! ನನ್ನ ಹೆಸರು ಉರಿಯಾಕ ಹತ್ತೈತಿ! ತಂದು ನೇದ ಸೀರಿ ಮ್ಯಾಲ ಒಗದ. ನಾ ಕೈಲೇನ ಬಡದು ಆರಿಸಿದೆ. ಇದು ನೋಡು ಅಂಗೈ. ಇದು ಬಣ್ಣ ಅಲ್ಲ.

ಮತ್ತ ಫೋನು. ಬ್ಯಾಡ ಅಣ್ಣಾ. ಅಣ್ಣಾ, ಕುಂಡ್ರು. ಯಾಕ ಎದ್ದಿ? ಫೋನ್ ನಾ ತಗೊಂಡ ಬರ್ತೀನಿ, ನೀ ಕುಂಡ್ರು! ಒಳಗ ಕತ್ತಲಿ ಐತಿ, ಕುಣಿ ಐತಿ, ಎಡವತಿ… ಕಲ್ಲಣ್ಣಾ! ನಿಂದ್ರು ಅಂದ್ನೆಲ್ಲ!

…ಆತು. ಹೋಗು. ನೋಡು.

ಅಲ್ಲೇ ನಿಂತ ಕೇಳು ಹಂಗಾರ. ಅಂವ ತಪ್ಪು ಮಾಡಿದ. ಯಾವಾಗೂ ಕುಣ್ಯಾಗ ಹೊಡಿಯಾಂವ ಇವತ್ತ ನನ್ನ ಕೂದಲಾ ಹಿಡದು ಕುಣಿಯಿಂದ ಹೊರಗ ಎಳದು ಬಾಗಲ ಕಡೆ ಒಗದ, ಕುಣಿ ಅವನ ಬೆನ್ನ ಹಿಂದಾತು. ಒದಿಯಾಕ ಸರಿಯಾಗಿ ಬರಲಿ ಅಂತ ಹಿಂದ ಸರದ. ಪೇಂಟಿನ ಅಂಗಡ್ಯಾಗ ಕುಂತು ಕುಂತು ಕುಣಿ ಮರತಿದ್ದ ಅಂವ! ಹಿಂದ ಕಾಲಿಟ್ಟಾಂವ ಧಡ್ ಅಂತ ಒಳಗ ಬಿದ್ದ. ನಡುಮಟ್ಟ ಸಿಕ್ಕೊಂಡ. ನಾ ಕುಂಡ್ರೋ ಜಾಗದಾಗ ಅಂವ, ಅಂವ ನಿಂದ್ರೋ ಜಾಗದಾಗ ನಾ. ಅಲ್ಲಿಂದ ಮ್ಯಾಲ ನೋಡಿದ. ನೋಡಿ ನಕ್ಕ ಅಣ್ಣಾ! "ಲೇ, ಕೈ ಕೊಡು, ಎತ್ತು. ಎದ್ದು ಬಂದು ನಿನ್ನ ಕಾಂಬೋಡಿಯಾ ತೋರಿಸ್ತೀನಿ" ಅಂದ.

ಗ್ವಾಡಿಗೆ ದಿಂಡು ಆನಿಸಿತ್ತು. ನೇದ ಸೀರಿ ಸುತ್ತೋ ಹಳೇ ಕಟಗಿ ದಿಂಡು, ಅಪ್ಪಂದು, ಮದುವ್ಯಾಗ ಮಗ್ಗದ ಜೋಡಿ ಕೊಟ್ಟಿದ್ನಲ್ಲ, ಅದು. ಎಷ್ಟು ಏಟು ಅಂತ ಕೇಳಬ್ಯಾಡ. ನಾ ಲೆಕ್ಕ ಇಡಲಿಲ್ಲ. ಅಂವ ಎಂದರ ಇಟ್ಟಿದ್ದನೇನು? ಕೈ ಎತ್ತಿದ್ದಷ್ಟ ಗೊತ್ತು, ಇಳಿಸಿದ್ದು ಗೊತ್ತಿಲ್ಲ. ಬಾಜೂ ಪವರ್‌ಲೂಮ್ ಖಟಖಟ, ನಂದೂ ಖಟಖಟ, ಯಾರಿಗೆ ಕೇಳ್ತೈತಿ? ಸುಮ್ಮನಾದ. ಆಮ್ಯಾಲ ಗೊರಕಿ ಹೊಡಿಯಾಕ ಹತ್ತಿದ. ದೊಡ್ಡ ಗೊರಕಿ, ಹಿಂದ ಎಂದೂ ಕೇಳಿದ್ದಿಲ್ಲ ಅಂಥಾದ್ದು. ನಾ ಅಂದೆ, ಕುಡದದ್ದು ಏರೈತಿ, ಮಲಗಿದ. ತಲಿ ಕೆಳಗ ನೂಲಿನ ಗಂಟು ಇಟ್ಟೆ. ಫ್ಯಾನ್ ಹಚ್ಚಿದೆ. ನೆಲಾ ಒರಸಿದೆ. ನಿನಗ ಫೋನ್ ಮಾಡಿದೆ. ಎದ್ದ ಮ್ಯಾಲ ನನ್ನ ಕೊಲ್ಲತಾನ, ನಡುವ ಯಾರರ ನಿಂದ್ರಬೇಕಲ್ಲ, ಅದಕ್ಕ ನಿನ್ನ ಕರಸೀನಿ. ದೇಶ ಆರಿಸಾಕಲ್ಲ. ವಿದ್ಯಾ ಸಾಲಿಯಿಂದ ಬರೂದ್ರಾಗ ನನ್ನ ಕರಕೊಂಡು ಹೋಗು. ಇಲ್ಲಾ ಅವನ್ನ ಕರಕೊಂಡು ಹೋಗು. ಏನರ ಮಾಡು, ಅಂವ ಏಳೂದ್ರಾಗ ಮಾಡು!

ಅಣ್ಣಾ? ಏನ ಮಾಡಾಕ ಹತ್ತೀದಿ ಒಳಗ? ಎದ್ದಾನೇನ? ನೀರ ತರ್ಲೇನ? ಬಗ್ಗಿ ಬಗ್ಗಿ ಏನ ನೋಡ್ತಿ?

ಬಂದಿ… ಯಾಕ ಹಂಗ ಗ್ವಾಡಿ ಹಿಡಕೊಂಡು ಬರ್ತಿ? ಹೆಗಲ ಮ್ಯಾಲಿನ ಟವೆಲ್ ಎಲ್ಲಿ ನಿಂದು? ಅಲ್ಲೇ ಬಿಟ್ಟಿಯೇನ? ಇಲ್ಲ, ಇಲ್ಲಿಂದ ಕಾಣ್ತೈತಿ ನನಗ… ಅವನ ಮಾರಿ ಮ್ಯಾಲ ಯಾಕ ಹಾಕಿದಿ ಅದನ್ನ? ಉಸರಾಡಾಕ ತ್ರಾಸ ಆಗ್ತೈತಿ, ತಗಿ. ತಗದು ಬಾ ಅಣ್ಣಾ. ನೀ ಬಂದಾಗ ಗೊರಕಿ ಕೇಳ್ತಿತ್ತು… ಕೇಳ್ತಿತ್ತಲ್ಲ? ನೀ ಬರೂಕಿಂತ ಮದ್ಲ? ದವಾಖಾನಿಗೆ ಫೋನ್ ಮಾಡೂಣೇನ? ಮಾಡು ಅನ್ನು. ಯಾಕ ಬ್ಯಾಡಂತ ಕೈ ಮಾಡ್ತಿ? ಬಾಗಲಾ ಯಾಕ ಹಾಕತಿ? ಹಗಲ ಹೊತ್ತಿನ್ಯಾಗ ಬಾಗಲಾ ಯಾಕ…

ನೋಡು, ಕಂಪನಿಯಾಂವ ಮತ್ತ ಮಾಡಾಕ ಹತ್ಯಾನ. ಏನ ಹೇಳೂದು ಅವಗ? ಹೇಳಲ್ಲ ಅಣ್ಣಾ, ಥೈಲ್ಯಾಂಡೋ ಕಾಂಬೋಡಿಯಾನೋ? ಯಾವುದರ ಒಂದು ಹೇಳು. ಕಣ್ಣು ತಗಿ. ಬಾಯಿ ತಗಿ.

ಬ್ಯಾಡ ಹಂಗಾರ, ಅದನ್ನ ಅನ್ನು. ಯಾವಾಗೂ ಅಂತಿಯಲ್ಲ, ಅದು. ನಾ ಸಿಟ್ಟಾಗೂದಿಲ್ಲ, ಆಣಿಗೂ ಆಗೂದಿಲ್ಲ. ಹೊಂದಕೊಂಡ ಹೋಗವಾ ತಂಗಿ ಅನ್ನು. ನಿನ್ನ ಕಾಲ ಬೀಳ್ತೀನಿ, ಇವತ್ತೊಂದು ಸಲ ಅನ್ನು ಅಣ್ಣಾ… ಯಾಕ ಅನ್ನವಲ್ಲಿ?