ಮಾವ ಯಾಕೆ ಇಳೀಲಿಲ್ಲ

ಅಗೆ... ಅಗೇದು... ಥೂ, ಬಾಯಿಗೆ ಬರ್ತಾ ಇಲ್ವಲ್ಲ! ನೆಲದೊಳಗೆ ಗುಂಡಿ ತೋಡಿ ರಾಗಿ ತುಂಬಿಡ್ತಿದ್ರಲ್ಲ, ಬಾಯಿ ಕಿರಿದು, ಹೊಟ್ಟೆ ದೊಡ್ಡದು, ಮಡಕೆ ಥರ... ಹಾಂ, ಅಗೇವು! ಅಗೇವು ಅಂತಿದ್ವಿ ಕಣ್ ಕೂಸೆ. ಈ ತಿರುಪ್ಪೂರಿಗೆ ಬಂದ ಮೇಲೆ ಆ ಮಾತು ಆಡೋರೇ ಇಲ್ಲ, ಹೆಂಗೆ ನೆನಪಿರ್ತದೆ ಹೇಳು. ಮಾವನ ಮನೆ ಅಂಗಳದಲ್ಲಿತ್ತು ಅದು. ಮಾವ ಅಂದ್ರೆ ನಮ್ಮವ್ವನ ತಮ್ಮ, ಜೀರಹಳ್ಳಿಯೋನು. ನಮ್ಮದು ಪಣಕಹಳ್ಳಿ. ಆ ವರ್ಷ ನಮ್ಮ ರಾಗೀಗೆ ರೋಗ ಬಿತ್ತೋ, ಕಾಡಂದಿ ಮೇಯ್ದವೋ, ಎರಡೂ ಇರ್ಬೇಕು. ನಿಮಗೇನು, ರೇಷನ್ ಅಂಗಡೀಲಿ ಅಕ್ಕಿ ಬರ್ತದೆ. ನಾವು ಗೆಣಸು ಬೇಯಿಸ್ಕೊಂಡು ದಿನ ನೂಕ್ತಿದ್ವಿ. ಕೊನೆಗೆ ಅವ್ವ, "ನನ್ ತಮ್ಮ ಇಲ್ಲ ಅನ್ನಲ್ಲ, ನಡೀರಿ" ಅಂದ್ಲು. ಅಪ್ಪನಿಗೆ ಇಷ್ಟ ಇಲ್ಲ. ಹೆಂಡತಿ ತವರಿಗೆ ಬರೀ ಚೀಲ ಹಿಡ್ಕೊಂಡು ಹೋಗೋದಂದ್ರೆ ಗಂಡಸಿಗೆ ಎಷ್ಟು ನಾಚಿಕೆ ಗೊತ್ತಾ? ಚೀಲಾನ ಮಡಚಿ ಕಂಕುಳಲ್ಲಿ ಮುಚ್ಚಿಟ್ಕೊಂಡು ಬಂದ.

ನಾವು ಹೋದ ತಕ್ಷಣ ಮಾವ ಅಗೇವಿನ ಬಾಯಿ ಮೇಲಿನ ಮಣ್ಣು ಕೆತ್ತಿ ಚಪ್ಪಡಿ ಸರಿಸ್ದ. ಹಣತೆ ಹಚ್ಚಿ, ಹಗ್ಗಕ್ಕೆ ಕಟ್ಟಿ ಒಳಗೆ ಇಳಿಬುಟ್ಟ. ಅರ್ಧಕ್ಕೆ ಹೋಗಿ ಪುಸಕ್ಕನೆ ಆರೋಯ್ತು. "ಬಾವ, ಒಳಗೆ ಕೆಟ್ಟ ಗಾಳಿ ತುಂಬದೆ. ಬಾಯಿ ತೆಗೆದಿರ್ಲಿ, ಗಾಳಿ ಹೋಗ್ಲಿ, ನಾಳೀಕ್ ಇಳಿಯವ" ಅಂದ. ಮಧ್ಯಾಹ್ನ ಇನ್ನೊಂದ್ಸಲ ಬುಟ್ಟು ನೋಡ್ದ. ಆಗ್ಲೂ ಆರೋಯ್ತು. ಜಗಲೀಲಿ ಕೂತಿದ್ದ ಅಪ್ಪ ನಗಾಡ್ದ. "ಏನ್ಲಾ ಬಾಮೈದ, ದೀಪ ಆರ್ತೋ ನೀನೇ ಊದ್ದೋ? ಅಕ್ಕಂಗೆ ರಾಗಿ ಅಳೆಯಕ್ಕೆ ಕೈ ಬರ್ನಿಲ್ವಾ?" ಮಾವನೂ ಬಿಡ್ಲಿಲ್ಲ. "ಅಷ್ಟ್ ದೂರ ಊದಕ್ಕೆ ನಂದೇನ್ ನಿನ್ನಂಗೆ ದೊಡ್ಡ ಬಾಯಾ ಬಾವ?" ಅಂತ ನಗ್ತಾ ಎತ್ತಿಗೆ ನೀರು ತೋರಿಸಕ್ಕೆ ಹೋದ. ಬಾವ ಬಾಮೈದರ ಕುಶಾಲು ಅಂತ ನಾನೂ ನಕ್ಕೆ. ಆದ್ರೆ ಮಾವ ಅತ್ಲಾಗೆ ಹೋಗಿದ್ದೇ ಅಪ್ಪನ ನಗು ನಿಂತೋಯ್ತು. ಕುಕ್ಕೆ, ಅಲ್ಲ, ಮೊರ, ಮೊರ ತಗೊಂಡು ಅಗೇವಿನ ಬಾಯಿಗೆ ಕಾಲು ಬುಟ್ಟ. "ಮಾವ ಬೇಡ ಅಂದ್ನಲ್ಲಪ್ಪ" ಅಂದೆ. "ನಿಮ್ಮಾವ ಕೊಡೋ ಅಷ್ಟೊತ್ಗೆ ನಿಮ್ಮವ್ವನ ತಲೆ ನೆರೀತದೆ" ಅಂದು ಇಳಿದ. ದೊಪ್ಪಂತ ಸದ್ದಾಯ್ತು. ಬಗ್ಗಿ ನೋಡ್ತೀನಿ, ಅಪ್ಪ ರಾಗಿ ಮೇಲೆ ಮಗ್ಗುಲಾಗಿ ಬಿದ್ದವ್ನೆ, ಕಣ್ಣು ತೆರೆದೇ ಅವೆ. ಅಪ್ಪಾ ಅಂದ್ರೆ ಓಗೊಡ್ಲಿಲ್ಲ.

ನಾನು ಕಿರುಚಿದ್ದು ಕೇಳಿ ಮಾವ, ಅವ್ವ, ಕೇರಿಯೋರು ಓಡಿ ಬಂದ್ರು. "ಇಳಿಯೋ ತಮ್ಮ, ಇಳಿಯೋ!" ಅಂತ ಅವ್ವ ಕೂಗ್ತಾಳೆ, ಮಾವ ಇಳೀಲಿಲ್ಲ. ಅವಳೇ ಇಳಿಯಕ್ಕೆ ಹೋದ್ರೆ ಕೆನ್ನೆಗೊಂದು ಬಿಟ್ಟು ಹಿಂದಕ್ಕೆ ತಳ್ಳಿದ. ಅಕ್ಕನಿಗೆ ಹೊಡೆದ ಕಣ್ ಕೂಸೆ, ಅಕ್ಕನಿಗೆ! "ಒಬ್ರ್ ಮೇಲೊಬ್ರು ಬಿದ್ರೆ ಎಳೆಯೋರ್ ಯಾರಕ್ಕ?" ಅಂತ ಗದರಿದ. ನನಗೆ ಅದೆಲ್ಲ ಎಲ್ಲಿ ತಿಳೀಬೇಕು? ಅಪ್ಪನ್ನ ಸಾಯಕ್ಕೆ ಬುಟ್ಟ ಅಂತ ಮಾವನ ತೊಡೆ ಕಚ್ಚಿ ಹಿಡಿದೆ. ಕೊಡವಿಕೊಂಡು ಓಡಿದ. ನಮ್ಮನ್ನ ಬುಟ್ಟು ಓಡೋದ ಅಂತ್ಲೇ ತಿಳ್ಕೊಂಡೆ. ಅವನು ಹೋಗಿದ್ದು ಬಾವಿ ಹತ್ರ, ಪಾತಾಳಗರಡಿ ತರಕ್ಕೆ. ಬಾವಿಗೆ ಬಿದ್ದ ಬಿಂದಿಗೆ ಎತ್ತೋದು, ಸುತ್ತ ಕಬ್ಬಿಣದ ಕೊಕ್ಕೆ ಇರ್ತವೆ. ಅದನ್ನ ಹಗ್ಗದಲ್ಲಿ ಬುಟ್ಟು ಅಪ್ಪನ ಮೈಮೇಲೆ ಆಡಿಸ್ದ, ನೀನು ನಂಬಲ್ಲ, ಬಿಂದಿಗೆ ಹುಡುಕ್ದಂಗೆ. ಅಂಗಿಗೆ ಸಿಕ್ತು, ಎಳೆದ್ರೆ ಬರೀ ಬಟ್ಟೆ ಚೂರು ಬಂತು. ಮತ್ತೆ ಬುಟ್ಟ, ಜಾರಿತು. ಅವ್ವ ಎದೆ ಬಡ್ಕೊಳ್ಳೋದೂ ನಿಲ್ಲಿಸಿಬಿಟ್ಲು. ಆಮೇಲೆ ಸೊಂಟದ ಬೆಲ್ಟಿಗೆ ಒಂದು ಕೊಕ್ಕೆ ಸಿಕ್ತು, ಇನ್ನೊಂದು ಮಾಂಸಕ್ಕೇ ನೆಟ್ಕೊಂತು. "ಎಳೀರ್ಲಾ!" ಅಂದ ಮಾವ. ಅಪ್ಪ ಮಡಚ್ಕೊಂಡು, ಕೈಕಾಲು ನೇತಾಡಿಸ್ಕೊಂಡು ಮೇಲೆ ಬಂದ.

ಅಂಗಳದಲ್ಲಿ ಮಲಗಿಸಿ ನೀರು ಎರಚಿದ್ರು, ಇನ್ನೊಂದು ಮೊರದಲ್ಲಿ ಬೀಸಿದ್ರು. ನಾನು ಅಪ್ಪನ ಕಾಲಿನ ಹೆಬ್ಬೆರಳು ಹಿಡ್ಕೊಂಡಿದ್ದೆ, ಬಿಟ್ರೆ ಹೊರಟೋಗ್ತಾನೆ ಅನ್ನೋ ಭಯ. ತಣ್ಣಗಿತ್ತು. ಎಷ್ಟೊತ್ತೋ ಏನೋ, ಗೊರ್ ಅಂತ ಉಸಿರು ಎಳ್ಕೊಂಡು ವಾಂತಿ ಮಾಡ್ದ. ಅಲ್ಲೀವರೆಗೂ ಕಲ್ಲಿನಂಗಿದ್ದ ಮಾವ ದೂಳಲ್ಲೇ ಕುಕ್ಕರಿಸಿದ. "ಬಾವ, ನಾನ್ ಯಾವಾಗ ರಾಗಿ ಇಲ್ಲ ಅಂದೆ?" ಅಂದ. ಅಪ್ಪ ಮುಖ ಆ ಕಡೆ ತಿರುಗಿಸಿಕೊಂಡ.

ಕೊಡೋರು ತಡ ಮಾಡಿದ್ರೆ ಕೊಡಲ್ಲ ಅಂತ ಅಲ್ಲ, ಕೂಸೆ. ಇದನ್ನ ಬರ್ಕೊ. ಕನ್ನಡ ಅಕ್ಷರ ಬರ್ದೇ ಇದ್ರೆ ತಮಿಳಲ್ಲೇ ಬರ್ಕೊ.