ಹದಿನಾರು ಸುತ್ತಿನ ಕೊಳವೆ

ದೀಪ ಸ್ವಲ್ಪ ಸಣ್ಣ ಮಾಡೇ. ಹಾಂ... ಈಗ ಕೇಳಿ. ನಗೋರು ಎದ್ದು ಹೊರಗೆ ಹೋಗಬಹುದು, ಆ ಬಾವಿ ಅಲ್ಲೇ ಇದೆ.

ನಮ್ಮ ಚಿಕ್ಕಪ್ಪನ ಮಗ ಪಾನ್ ಯೌ ಆವತ್ತು ಒಬ್ಬನೇ ಆ ಬಾವಿ ದಾಟಿ ಮನೆಗೆ ಬರ್ತಿದ್ದ. ದೆವ್ವದ ತಿಂಗಳ ಹುಣ್ಣಿಮೆ. ಸತ್ತವರಿಗೆ ಕಾಗದದ ಸಾಮಾನು ಸುಟ್ಟು ಕಳಿಸೋ ರಾತ್ರಿ.

ಯೌ ಆಯುಧಶಾಲೆಯಲ್ಲಿ ಬೆಂಕಿಭರ್ಜಿಗೆ ಕೊಳವೆ ಸುತ್ತೋನು. ತಾತನ ಕಾಲದಲ್ಲಿ ಬಿದಿರು ಇತ್ತಂತೆ. ಈಗ ಹಳದಿ ಕಾಗದ, ಹದಿನಾರು ಪದರ. ಒಳಗೆ ಮದ್ದು ಜಡಿದು, ಭರ್ಜಿ ತುದಿಗೆ ಕಟ್ಟಿ ಹೊತ್ತಿಸಿದರೆ ಹತ್ತು ಹೆಜ್ಜೆ ದೂರ ಬೆಂಕಿ ಉಗುಳುತ್ತೆ. ಮಂಗೋಲರು ಊರು ಮುತ್ತಿದಾಗ ಕಾಗದ ಸಾಲಲಿಲ್ಲ. ಯೌ ಯಾರಿಗೂ ಹೇಳದೆ ಹದಿನಾಲ್ಕೇ ಪದರ ಸುತ್ತಿದ. ಅಂಥದ್ದೊಂದು ಕೋಟೆ ಮೇಲೆ ಅವನ ಸ್ವಂತ ಅಣ್ಣನ ಕೈಯಲ್ಲೇ ಸಿಡೀತು... ಅಣ್ಣ ಉಳಿಯಲಿಲ್ಲ. ಮದ್ದು ಜಡಿದವನ ತಪ್ಪು ಅಂತ ಅವನಿಗೆ ಛಡಿಯೇಟು ಬಿತ್ತು. ಯೌ ಬಾಯಿ ಬಿಡಲಿಲ್ಲ.

ಆ ಹುಣ್ಣಿಮೆ ರಾತ್ರಿ ಅಣ್ಣನ ಹೆಸರಲ್ಲಿ ಒಂದು ಖಾಲಿ ಕೊಳವೆ ಸುಟ್ಟು ಕೈಮುಗಿದು ಬಂದಿದ್ದ. ಪೆದ್ದ ಕಣ್ರೀ ಅವನು! ಉಳಿದಿದ್ದ ಆ ಹದಿನಾಲ್ಕು ಪದರದ ಕೊಳವೆಗಳ ಕಟ್ಟಿನಿಂದಲೇ ಎತ್ತಿಕೊಂಡಿದ್ದ.

ಬಾವಿ ಹತ್ತಿರ ಬಂದ.

ಸರ್ರ್... ನಿಂತಿತು. ಸರ್ರ್...

ಅಂಟಿಸಿದ ಕಾಗದ ಬಿಚ್ಚೋ ಸದ್ದು. ಅವನಿಗೆ ಗೊತ್ತಿಲ್ಲದ ಸದ್ದೇ ಅದು? ಬಾವಿಕಟ್ಟೆ ಮೇಲೆ ಯಾರೋ ಬೆನ್ನು ಹಾಕಿ ಕೂತು ಎಣಿಸ್ತಿದ್ದಾರೆ.

“ಹನ್ನೆರಡು... ಹದಿಮೂರು... ಹದಿನಾಲ್ಕು...”

ಆಮೇಲೆ ಏನೂ ಇಲ್ಲ. ಒಂದು ಹುಳದ ಸದ್ದೂ ಇಲ್ಲ.

“ತಮ್ಮಾ... ಇನ್ನೆರಡು ಎಲ್ಲೋ?”

“ಅಣ್ಣಾ, ತಪ್ಪಾಯ್ತು... ನಾಳೆ ಸುಟ್ಟು ಕಳಿಸ್ತೀನಿ.”

“ನಾಳೆಯಂತೆ! ಚಿಕ್ಕಂದಿನಿಂದ ನಿಂದು ಇದೇ ರಾಗ.” ದನಿಯಲ್ಲಿ ನಗು ಇತ್ತು. ಆ ನಗು ಕೇಳಿಯೇ ಯೌಗೆ ಜೀವ ಬಾಯಿಗೆ ಬಂತು. “ಕೈ ಚಾಚು.”

ಅಣ್ಣ ಹೇಳಿದ್ದು ಮೀರಿದವನಲ್ಲ ಅವನು. ಎರಡೂ ಕೈ ಚಾಚಿದ...

ಸರ್ರ್.

ಸರ್ರ್.

ಹೇಗೆ ಓಡಿ ಬಂದನೋ, ನಮ್ಮ ಹೊಸ್ತಿಲ ಮೇಲೆ ದಬಕ್ಕಂತ ಬಿದ್ದ. ನೋವಿಲ್ಲ, ರಕ್ತವಿಲ್ಲ. ಬೆಳಗಾಗುತ್ತಲೇ ಅಧಿಕಾರಿ ಮುಂದೆ ಮೊಣಕಾಲೂರಿ ಹದಿನಾಲ್ಕರ ವಿಷಯ ಹೇಳಿಬಿಟ್ಟ.

ನಾನು ಕಟ್ಟಿದ್ದು ಅಂತೀರಾ? ನಾಳೆ ಅವನ ಮನೆಗೇ ಹೋಗಿ. ಅಂಗೈ ತೋರಿಸಪ್ಪಾ ಅನ್ನಿ. ಎರಡರಲ್ಲೂ ಒಂದೇ ಒಂದು ಗೆರೆ ಇಲ್ಲ, ನುಣ್ಣಗಿದೆ. ನಾನೇ ಮುಟ್ಟಿ ನೋಡಿದ್ದೀನಿ. ಬಟ್ಟಲು ಹಿಡೀತಾನೆ, ಸೌಟು ಹಿಡೀತಾನೆ. ಕಾಗದ ಮಾತ್ರ ಅವನ ಕೈಯಲ್ಲಿ ನಿಲ್ಲೋದಿಲ್ಲ.