ಪಿಟೀಲು ಬೈರಣ್ಣ ಹತ್ತಿದ ಮರ

ಜಯನಗರದ ಬಸ್ ನಿಲ್ದಾಣದಲ್ಲಿ ಕುಳಿತು ಮನಸ್ಸಿನಲ್ಲೇ ಸಹಸ್ರನಾಮ ಹೇಳಿಕೊಳ್ಳುತ್ತಿದ್ದ ನರಹರಿ ಶಾಸ್ತ್ರಿಗಳಿಗೆ ಪಕ್ಕದ ಬೆಂಚಿನ ಮಾತು ಬೇಡವೆಂದರೂ ಕಿವಿಗೆ ಬಿತ್ತು. ಹೆಗಲಿಗೆ ಹಗ್ಗದ ಸುರುಳಿ ಹಾಕಿಕೊಂಡಿದ್ದ ಯುವಕನೊಬ್ಬನನ್ನು ವಯಸ್ಸಾದ ಹೆಂಗಸೊಬ್ಬಳು ತೋಳು ಹಿಡಿದು ಕೂರಿಸಿಕೊಂಡಿದ್ದಳು.

“ಪಿಟೀಲು ಮಾಡೋಕೆ ಅಂಗಡೀಲಿ ಮರ ಸಿಗಲ್ವೇನೋ, ಕೆಂಪರಾಜು?”

“ನಿಮ್ಮ ಯಜಮಾನ್ರು ಅಂಗಡಿ ಮರಾನ ಯಾವತ್ತು ಮುಟ್ಟಿದ್ರು, ಅಕ್ಕ? ನಾಗರಹಾವಿದ್ದ ಪೊಟರೆಗೇ ಕೈ ಹಾಕ್ದೋರು.”

“ಹ್ಞೂಂ, ಹಾವೇ ಹೆದರ್ಕೊಂಡು ಓಡ್ತು. ಅವರ ಪಾಲಿನ ಭಯಾನೂ ನಾನೇ ಪಟ್ಟೆ.”

“ಅವರು ಕೊನೇಲಿ ಹತ್ತಿದ ಮರ ಪ್ರಪಾತದ ಮೇಲೆ ಇನ್ನೂ ಹಂಗೇ ಬಾಗಿ ನಿಂತಿದೆ. ಚೆನ್ನಾಗಿ ಒಣಗಿದೆ. ಅಂಥ ನಾದ ಬೇರೆಲ್ಲೂ ಸಿಗಲ್ಲ.”

“ಅವರು ಬಿದ್ದಾಗ ಹಗ್ಗ ಹರಿದಿರಲಿಲ್ಲ, ಗೊತ್ತಾ?”

“ಗೊತ್ತು. ಅವರೇ ಬಿಚ್ಕೊಂಡಿದ್ರು.”

“ಯಾಕೆ ಬಿಚ್ಚಬೇಕಿತ್ತು?”

“ಮರ ತಟ್ಟಿ, ಕಿವಿಯಿಟ್ಟು ಕೇಳ್ಬೇಕಲ್ಲ. ಹಗ್ಗ ಬಿಗಿದಿದ್ರೆ ಅದರ ಸದ್ದೂ ಜೊತೇಲಿ ಸೇರ್ಕೊಳ್ಳತ್ತೆ. ಮರದ್ದು ಯಾವುದು, ಹಗ್ಗದ್ದು ಯಾವುದು ಅಂತ ತಿಳಿಯಲ್ಲ.”

ಯುವಕನ ದನಿಯಲ್ಲಿದ್ದ ಭಕ್ತಿಯನ್ನು ಗುರುತಿಸಿದ ಶಾಸ್ತ್ರಿಗಳಿಗೆ ಮುಂದಿನ ನಾಮ ನೆನಪಿಗೆ ಬರಲಿಲ್ಲ.

“ನೀನು ಹಗ್ಗ ಕಟ್ಕೋತೀಯ ತಾನೆ?”

“ಕಟ್ಕೊಂಡೇ ಹತ್ತೋದು, ಅಕ್ಕ.”

“ಹತ್ತೋವಾಗಿನ ಮಾತಲ್ಲ ಕಣೋ. ಕೇಳೋವಾಗ?”

ಅಷ್ಟರಲ್ಲಿ ಮೆಜೆಸ್ಟಿಕ್ಕಿನ ಬಸ್ಸು ಬಂದು ನಿಂತಿತು. ಯುವಕ ಎದ್ದು, ಬಾಗಿ, ಆಕೆಯ ಕಾಲು ಮುಟ್ಟಿ ನಮಸ್ಕರಿಸಿದ. ಆಕೆ ಬಾಗಿಲವರೆಗೂ ಅವನ ಹಿಂದೆಯೇ ಹೋಗಿ ಅದೇ ಪ್ರಶ್ನೆಯನ್ನು ಮತ್ತೊಮ್ಮೆ ಕೇಳಿದಳು. ಅವನು ನಕ್ಕು, ಕೈ ಬೀಸಿ, ಬಸ್ಸು ಹತ್ತಿದ.